ಹಳೆಯ ಮೋಟಾರು ದೋಣಿಯ ಒಳಗಿನ ಮರಗೆಲಸ

ನೀರಿನಲ್ಲೇ ಬಾಳುವ ದೋಣಿಯ ಮರವನ್ನು ಕೊಳೆಸುವುದು ಯಾವ ನೀರು? ಹೊರಗಿನ ನೀರೇ ಎಂದು ನೀವು ಥಟ್ಟನೆ ಹೇಳಬಹುದು. ಹಳೆಯ ಕ್ಯಾಬಿನ್ ದೋಣಿಗಳನ್ನು ಬಿಚ್ಚಿ ನೋಡಿದವರ ಅನುಭವ ಬೇರೆಯೇ ಆಗಿದೆ.

ಇಂಗ್ಲೆಂಡಿನ ಪೂರ್ವಭಾಗದಲ್ಲಿ ನಾರ್ಫೋಕ್ ಬ್ರಾಡ್ಸ್ ಎಂಬ ಪ್ರದೇಶವಿದೆ. ನದಿಗಳೂ ಆಳವಿಲ್ಲದ ಕೆರೆಗಳೂ ಅಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ. (ಈ ಕೆರೆಗಳು ಸಹಜವಾದುವಲ್ಲ, ಮಧ್ಯಯುಗದ ಜನ ಉರುವಲಿಗಾಗಿ ಪೀಟ್ ಅಗೆದ ಗುಂಡಿಗಳಲ್ಲಿ ನೀರು ತುಂಬಿ ಆದವು ಎಂಬುದು 1950ರ ದಶಕದ ಸಂಶೋಧನೆಗಳಿಂದ ತಿಳಿಯಿತು.) ಮಲಗುವ ಕೋಣೆ, ಅಡುಗೆಯ ಮೂಲೆ ಇರುವ ಮೋಟಾರು ದೋಣಿಗಳು ಅಲ್ಲಿ ಹೇರಳ. 1960–70ರ ದಶಕಗಳಲ್ಲಿ ಕಟ್ಟಿದ ದೋಣಿಗಳೂ ಅವುಗಳ ನಡುವೆ ಇವೆ. ಆ ಕಾಲದ ಅನೇಕ ದೋಣಿಗಳ ಒಡಲು ಗಾಜಿನ ನಾರು ಮತ್ತು ಪಾಲಿಯೆಸ್ಟರ್ ರಾಳದ್ದು, ಅದು ಕೊಳೆಯದು. ಆದರೆ ಒಳಗಿನ ಅಡ್ಡಗೋಡೆ, ಮಂಚ, ಕಪಾಟುಗಳೆಲ್ಲ ಪ್ಲೈವುಡ್. ಒಡಲು ಗಟ್ಟಿಯಾಗಿದ್ದೂ ಒಳಗಿನ ಮರ ಬೆರಳಿನಿಂದ ಒತ್ತಿದರೆ ಕುಸಿಯುವಂತಾಗಿರುವುದು ಅಪರೂಪವಲ್ಲ.

ಮರವನ್ನು ಕೊಳೆಸುವುದು ನೀರಲ್ಲ, ಶಿಲೀಂಧ್ರ. ಮರದಲ್ಲಿ ತೇವಾಂಶವು ಶೇಕಡ 20ಕ್ಕಿಂತ ಕಡಿಮೆ ಇದ್ದಾಗ ಅದು ಬೆಳೆಯಲಾರದು. ನೀರಿನಲ್ಲಿ ಪೂರ್ತಿ ಮುಳುಗಿದ ಮರದಲ್ಲೂ ಆಮ್ಲಜನಕದ ಕೊರತೆಯಿಂದ ಅದಕ್ಕೆ ನೆಲೆ ಸಿಗದು. ಉಪ್ಪು ನೀರೂ ಅದಕ್ಕೆ ಹಿತವಲ್ಲ. ಅದಕ್ಕೆ ಬೇಕಾದುದು ಸದಾ ಒದ್ದೆಯಾದ, ಗಾಳಿ ಕೊಂಚವೇ ತಾಗುವ, ಸಿಹಿನೀರಿನ ಮೂಲೆ. ಕಿಟಕಿಯ ಚೌಕಟ್ಟಿನ ಸಂದಿನಿಂದ ಹನಿಯುವ ಮಳೆನೀರು ಅಂಥ ಮೂಲೆಯನ್ನು ಸೃಷ್ಟಿಸುತ್ತದೆ. ಇನ್ನೊಂದು ಆಕರ ನಮ್ಮ ಕಣ್ಣಿಗೆ ಬೀಳದು; ಅದು ಕ್ಯಾಬಿನ್ನಿನ ಒಳಗೇ ಹುಟ್ಟುವ ನೀರಾವಿ.

ಲೆಕ್ಕ ಹಾಕಿ ನೋಡಿ. ಅಡುಗೆ ಅನಿಲದ ಮುಖ್ಯ ಘಟಕಗಳಲ್ಲಿ ಒಂದಾದ ಪ್ರೊಪೇನಿನ ಅಣುವಿನಲ್ಲಿ 3 ಕಾರ್ಬನ್, 8 ಹೈಡ್ರೋಜನ್ ಪರಮಾಣುಗಳಿವೆ. ಅದು ಉರಿದಾಗ 4 ನೀರಿನ ಅಣುಗಳು ದೊರೆಯುತ್ತವೆ. ಅಂದರೆ 44 ಗ್ರಾಂ ಪ್ರೊಪೇನಿಗೆ 72 ಗ್ರಾಂ ನೀರು. ಒಂದು ಕಿಲೋಗ್ರಾಂ ಉರಿಸಿದರೆ 1.6 ಕಿಲೋಗ್ರಾಮಿಗೂ ಹೆಚ್ಚು! ಒಳಗೆ ಮಲಗಿದವರ ಉಸಿರು, ಬೆವರು ಇದಕ್ಕೆ ಸೇರುತ್ತವೆ. ಒಳಗಿನ ಗಾಳಿ 20 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಆರ್ದ್ರತೆ ಶೇಕಡ 60 ಎಂದುಕೊಳ್ಳೋಣ. ಅದರ ಇಬ್ಬನಿ ಬಿಂದು ಸುಮಾರು 12 ಡಿಗ್ರಿ. ಹೊರಗೆ 5 ಡಿಗ್ರಿ ಚಳಿಯಿರುವ ರಾತ್ರಿ ತೆಳುವಾದ ಒಡಲಿನ ಒಳಮೈ ಇದಕ್ಕಿಂತ ತಣ್ಣಗಾಗಿರುತ್ತದೆ. ಅಲ್ಲಿ ಆವಿ ಹನಿಗಟ್ಟಿ, ಹಾಸಿಗೆಯ ಹಿಂದೆ ಇಳಿದು, ಅಡ್ಡಗೋಡೆಯ ತಳ ಸೇರುತ್ತದೆ.

ಆದ್ದರಿಂದ ದುರಸ್ತಿಯನ್ನು ಗರಗಸದಿಂದ ಆರಂಭಿಸಬಾರದು. ಮೊದಲು ಸೋರುವ ಕಿಟಕಿಗಳನ್ನು ಮುಚ್ಚಿ, ದೋಣಿ ಒಣಗಲು ವಾರಗಟ್ಟಲೆ ಬಿಡಬೇಕು. ಈ ತಾಳ್ಮೆ ಇಲ್ಲದವರು ಹೊಸ ಹಲಗೆಯನ್ನು ಹಳೆಯ ರೋಗದ ಪಕ್ಕದಲ್ಲೇ ಕೂರಿಸಿಬಿಡುತ್ತಾರೆ.

ಹಳೆಯದನ್ನು ಕೀಳುವಾಗಲೂ ಎಚ್ಚರ ಬೇಕು. ಅಡ್ಡಗೋಡೆ ಬರಿಯ ಪರದೆಯಲ್ಲ. ತೆಳು ಒಡಲು ಬಾಗದಂತೆ ಹಿಡಿದಿಡುವ ಪಕ್ಕೆಲುಬು. ಎಲ್ಲವನ್ನೂ ಒಮ್ಮೆಗೇ ತೆಗೆದರೆ ದಡದ ಮೇಲೆ ಊರುಗೋಲುಗಳ ಆಸರೆಯಲ್ಲಿ ನಿಂತ ಒಡಲು ಆಕಾರಗೆಡಬಹುದು. ಒಂದನ್ನು ತೆಗೆದು, ಅದರ ಜಾಗದಲ್ಲಿ ಹೊಸದನ್ನು ನಿಲ್ಲಿಸಿ, ಮುಂದಿನದಕ್ಕೆ ಕೈಹಾಕುವುದು ಕ್ಷೇಮ.

ಒಡಲಿನ ವಕ್ರ ಅಂಚಿಗೆ ಹೊಸ ಹಲಗೆಯನ್ನು ಹೊಂದಿಸುವುದು ಹೇಗೆ? ಬಡಗಿಗಳು ಬಳಸುವ ಉಪಾಯ ಸೊಗಸಾದ ರೇಖಾಗಣಿತ. ಅಡ್ಡಗೋಡೆ ನಿಲ್ಲಬೇಕಾದ ಸಮತಲದಲ್ಲಿ, ಒಡಲಿಗಿಂತ ಚಿಕ್ಕದಾದ ಒಂದು ತೆಳು ಹಲಗೆಯನ್ನು ಅಲುಗದಂತೆ ನಿಲ್ಲಿಸಿ. ತುದಿ ಚೂಪಾದ, ಅಂಚಿನಲ್ಲಿ ಅಸಮವಾದ ಕಚ್ಚುಗಳಿರುವ ಕೋಲೊಂದನ್ನು ಹಲಗೆಗೆ ಒತ್ತಿಟ್ಟು, ಚೂಪು ತುದಿಯನ್ನು ಒಡಲಿಗೆ ತಾಗಿಸಿ. ಹಲಗೆಯ ಮೇಲಿರುವ ಕೋಲಿನ ಅಂಚನ್ನು ಕಚ್ಚುಗಳ ಸಮೇತ ಪೆನ್ಸಿಲಿನಿಂದ ಗೀಚಿ. ಹೀಗೆ ಇಪ್ಪತ್ತು ಕಡೆ ಮಾಡಿ. ಬಳಿಕ ಆ ಹಲಗೆಯನ್ನು ಹೊಸ ಪ್ಲೈವುಡ್ಡಿನ ಮೇಲೆ ಮಲಗಿಸಿ, ಕೋಲನ್ನು ಒಂದೊಂದು ಗೆರೆಗೂ ಸರಿಯಾಗಿ ಕೂರಿಸಿದರೆ, ಚೂಪು ತುದಿ ಒಡಲಿನ ಒಂದೊಂದು ಬಿಂದುವನ್ನು ತೋರಿಸುತ್ತದೆ. ಬಿಂದುಗಳನ್ನು ಸೇರಿಸಿದರೆ ವಕ್ರರೇಖೆ ಸಿದ್ಧ. ಅಳತೆಪಟ್ಟಿ ಬೇಕಿಲ್ಲ, ಕೋನಮಾಪಕವೂ ಬೇಕಿಲ್ಲ. ಸಮತಲದಲ್ಲಿ ಕೋಲಿನ ಎರಡು ಬಿಂದುಗಳ ಸ್ಥಾನ ನಿಶ್ಚಿತವಾದರೆ (ಕೋಲನ್ನು ಮಗುಚದಿದ್ದರೆ) ತುದಿಯ ಸ್ಥಾನವೂ ನಿಶ್ಚಿತ. ತರಗತಿಯಲ್ಲಿ ಒಂದು ಬೋಗುಣಿ, ರಟ್ಟಿನ ತುಂಡು, ಐಸ್‌ಕ್ರೀಮ್ ಕಡ್ಡಿ ಇದ್ದರೆ ನೀವೂ ಇದನ್ನು ಮಾಡಿ ತೋರಿಸಬಹುದು.

ಕತ್ತರಿಸುವಾಗ ರೇಖೆಗಿಂತ ಕೆಲವು ಮಿಲಿಮೀಟರ್ ಒಳಗೆ ಕತ್ತರಿಸಬೇಕು. ಹಲಗೆಯ ಗಡಸು ಅಂಚು ಒಡಲನ್ನು ನೇರವಾಗಿ ಒತ್ತಿದರೆ ಆ ಗೆರೆಯಲ್ಲಿ ಪೀಡನ ಹೆಚ್ಚಿ ಬಿರುಕು ಬಿಡಬಹುದು. ಸಂದಿಗೆ ಮೆತ್ತನೆಯ ಫೋಮ್ ಪಟ್ಟಿಯಿಟ್ಟು, ಎರಡೂ ಬದಿಗೆ ಗಾಜಿನ ನಾರಿನ ಬಟ್ಟೆಯನ್ನು ಎಪಾಕ್ಸಿ ರಾಳದಿಂದ ಅಂಟಿಸುತ್ತಾರೆ.

‘ಮೆರೀನ್ ಪ್ಲೈವುಡ್’ ಎಂಬ ಹೆಸರಿಗೆ ಮಾರುಹೋಗಬೇಡಿ. ಬ್ರಿಟಿಷ್ ಮಾನಕ ಬಿಎಸ್ 1088ರ ಹಲಗೆಯ ಅಂಟು ಕುದಿಯುವ ನೀರನ್ನೂ ತಾಳುತ್ತದೆ ನಿಜ. ಆದರೆ ಅದಕ್ಕೆ ಹೆಚ್ಚಾಗಿ ಬಳಸುವ ಆಫ್ರಿಕದ ಒಕುಮೆ ಮರಕ್ಕೆ ಕೊಳೆಯನ್ನು ತಡೆಯುವ ಗುಣ ಕಡಿಮೆ. ಅಂಟು ಉಳಿದು ಮರ ಕೊಳೆತರೆ ಏನು ಬಂತು? ನಮ್ಮ ಅಂಗಡಿಗಳಲ್ಲಿ ಕಾಣುವ ಐಎಸ್ 710 ಮಾನಕ ಮರಕ್ಕೆ ಸಂರಕ್ಷಕ ರಾಸಾಯನಿಕದ ಉಪಚಾರವನ್ನೂ ಕೇಳುತ್ತದೆ. ಒಕುಮೆಯ ಅನುಕೂಲ ಹಗುರತನ. 2.44 ಮೀಟರ್ ಉದ್ದ, 1.22 ಮೀಟರ್ ಅಗಲ, 9 ಮಿಲಿಮೀಟರ್ ದಪ್ಪದ ಹಾಳೆಯೊಂದು ಸುಮಾರು 12 ಕಿಲೋಗ್ರಾಂ ತೂಗಿದರೆ, ಘನಮೀಟರಿಗೆ 700 ಕಿಲೋಗ್ರಾಂ ಸಾಂದ್ರತೆಯ ಪ್ಲೈವುಡ್ಡಿನಲ್ಲಿ ಅದೇ ಹಾಳೆ 19ರ ಹತ್ತಿರ. ಭಾರವೆಲ್ಲ ಒಂದೇ ಪಕ್ಕಕ್ಕೆ ಸೇರಿದರೆ ದೋಣಿ ವಾಲುತ್ತದೆ. ಯಾವುದನ್ನೇ ಆರಿಸಿದರೂ ಕತ್ತರಿಸಿದ ಅಂಚುಗಳಿಗೆ ಎಪಾಕ್ಸಿ ಕುಡಿಸಲು ಮರೆಯಬಾರದು. ಮರದ ನಾಳಗಳು ಬಾಯಿ ತೆರೆದಿರುವುದು ಅಲ್ಲೇ. ಹಲಗೆಯ ಮೈಗಿಂತ ಅಂಚು ಬಹು ಬೇಗ ನೀರು ಹೀರುತ್ತದೆ. ತಿರುಪುಗಳು ಸ್ಟೇನ್‌ಲೆಸ್ ಉಕ್ಕಿನವು ಅಥವಾ ಕಂಚಿನವು ಆಗಿರಲಿ.

ಮರಗೆಲಸ ಮುಗಿದು ವಾರ್ನಿಷ್ ಹೊಳೆಯುವಾಗ ಕ್ಯಾಬಿನ್ನಿನ ಹಳೆಯ ಗಾಳಿಕಿಂಡಿಗಳು ವಿಕಾರವಾಗಿ ಕಾಣುತ್ತವೆ. ಅವುಗಳಿಂದ ಚಳಿಯೂ ಬರುತ್ತದೆ. ಹೊಸ ಹಲಗೆಯಿಂದ ಮುಚ್ಚಿಬಿಡುವ ಆಸೆ ಸಹಜ. ಮುಚ್ಚಿದರೆ ಆವಿ ಒಳಗೇ ಉಳಿದು ಹೊಸ ಮರಕ್ಕೂ ಹಳೆಯದರ ಗತಿಯೇ. ಅಷ್ಟೇ ಅಲ್ಲ, ಒಲೆ ಸರಿಯಾಗಿ ಉರಿಯದಿದ್ದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿ ಮಲಗಿದವರು ಏಳದೇ ಹೋಗಬಹುದು. ಅನಿಲ ಸಿಲಿಂಡರ್ ಇಡುವ ಪೆಟ್ಟಿಗೆಯ ತಳದಿಂದ ದೋಣಿಯ ಹೊರಕ್ಕೆ ತೆರೆಯುವ ರಂಧ್ರವೂ ಕೆಲಸವಿಲ್ಲದ್ದಲ್ಲ. ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು, ಬ್ಯುಟೇನ್ ಎರಡು ಪಟ್ಟು ಭಾರ. ಸೋರಿದ ಅನಿಲ ನೀರಿನಂತೆ ಕೆಳಕ್ಕಿಳಿಯುತ್ತದೆ. ಹೊರಹೋಗಲು ದಾರಿಯಿಲ್ಲದಿದ್ದರೆ ಎಂಜಿನ್ನಿನ ಕೆಳಗಿನ ತಗ್ಗಿನಲ್ಲಿ ಸೇರುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡ 2ರಷ್ಟಾದರೂ ಒಂದು ಕಿಡಿ ಸಾಕು. ಬ್ರಿಟನ್ನಿನ ಒಳನಾಡ ದೋಣಿಗಳಿಗೆ ನಾಲ್ಕು ವರ್ಷಗಳಿಗೊಮ್ಮೆ ನಡೆಯುವ ಬೋಟ್ ಸೇಫ್ಟಿ ಸ್ಕೀಮ್ ಪರೀಕ್ಷೆಯಲ್ಲಿ ಅನಿಲದ ಏರ್ಪಾಡನ್ನೂ ಗಾಳಿಕಿಂಡಿಗಳನ್ನೂ ನೋಡುತ್ತಾರೆ. ಹೊಸ ಕಪಾಟು ಜೋಡಿಸುವ ಮೊದಲು ಹಳೆಯ ರಂಧ್ರಗಳೆಲ್ಲ ಎಲ್ಲಿಗೆ ಹೋಗುತ್ತವೆ ಎಂದು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.