ವಿದ್ಯುತ್ ವಿಂಚಿನ ಆಯ್ಕೆ

ಭಾರವಾದ ವಸ್ತುವನ್ನು ಅಲ್ಪ ಶ್ರಮದಿಂದ ಮೇಲಕ್ಕೆತ್ತುವ ಉಪಾಯವನ್ನು ನಮ್ಮ ಹಿರಿಯರು ಬಹು ಹಿಂದೆಯೇ ಅರಿತಿದ್ದರು. ವಿದ್ಯುತ್ ಪಂಪುಗಳು ಬರುವುದಕ್ಕೆ ಮುಂಚೆ ನಮ್ಮ ಸೀಮೆಯ ತೋಟದ ಬಾವಿಗಳಲ್ಲಿ ಕಪಿಲೆ ನಡೆಯುತ್ತಿದ್ದುದನ್ನು ಮನೆಯ ಹಿರಿಯರಿಂದ ಮಕ್ಕಳು ಕೇಳಿರಬಹುದು. ಬಾವಿಯ ಬಾಯಿಯ ಮೇಲೆ ಒಂದು ರಾಟೆ. ರಾಟೆಯ ಮೇಲೆ ಹಾಯ್ದ ಹಗ್ಗ. ಹಗ್ಗದ ಒಂದು ತುದಿಯಲ್ಲಿ ನೀರಿನ ಚೀಲ, ಮತ್ತೊಂದು ತುದಿಯಲ್ಲಿ ಜೋಡಿ ಎತ್ತುಗಳು. ಎತ್ತುಗಳು ಇಳಿಜಾರಿನಲ್ಲಿ ನಡೆಯುತ್ತಿದ್ದುದರಿಂದ ಅವುಗಳ ಮೈಭಾರವೂ ಎಳೆತಕ್ಕೆ ನೆರವಾಗುತ್ತಿತ್ತು. ಈ ಏರ್ಪಾಟಿನಲ್ಲಿ ನಾಲ್ಕು ಅಂಗಗಳನ್ನು ಕಾಣಬಹುದು: ಎಳೆಯುವ ಶಕ್ತಿ, ಹಗ್ಗ, ರಾಟೆ, ರಾಟೆಯನ್ನು ಹೊತ್ತು ನಿಂತ ಕಂಬ. ಇಂದಿನ ಕಾರ್ಯಾಗಾರಗಳಲ್ಲಿ ಬಳಸುವ ವಿದ್ಯುತ್ ವಿಂಚಿನಲ್ಲಿಯೂ ಇವೇ ನಾಲ್ಕು ಅಂಗಗಳಿವೆ. ಐದನೆಯದಾಗಿ ಬ್ರೇಕು ಸೇರಿದೆ. ಈ ಐದರಲ್ಲಿ ಯಾವುದು ಅತ್ಯಂತ ದುರ್ಬಲವೋ ಅದರ ಬಲವೇ ಇಡೀ ಯಂತ್ರದ ಬಲ. ಪ್ರಕೃತ ಲೇಖನದಲ್ಲಿ ವಿವರಿಸಬೇಕೆಂದಿರುವುದು ಈ ಒಂದು ತತ್ತ್ವವನ್ನೇ.

ತಾರಮಂಗಲಂ ನೇಕಾರರ ಊರು. ೧೯೩೪ರಲ್ಲಿ ಮೆಟ್ಟೂರು ಅಣೆಕಟ್ಟು ಪೂರ್ಣವಾಗಿ, ೧೯೩೭ರಿಂದ ಅಲ್ಲಿ ವಿದ್ಯುತ್ತು ಹುಟ್ಟತೊಡಗಿದ ಮೇಲೆ, ಈ ಪ್ರಾಂತದ ಕೈಗಾರಿಕೆಗಳ ರೂಪವೇ ಬದಲಾಯಿತು. ಕೈಮಗ್ಗದ ಜೊತೆಗೆ ವಿದ್ಯುತ್ ಮಗ್ಗಗಳು ಬಂದವು. ಮಗ್ಗಗಳನ್ನು ದುರಸ್ತಿ ಮಾಡುವವರು, ಲೇತು ನಡೆಸುವವರು, ಬೆಸುಗೆ ಹಾಕುವವರು ಬಂದರು. ೧೯೮೧ರಲ್ಲಿ ಸೇಲಂ ಉಕ್ಕಿನ ಕಾರ್ಖಾನೆಯು ಕೆಲಸಕ್ಕೆ ತೊಡಗಿತು. ಅಂತಹ ದೊಡ್ಡ ಕಾರ್ಖಾನೆಗಳಲ್ಲಿ ಟನ್ನುಗಟ್ಟಲೆ ಭಾರವನ್ನೆತ್ತುವ ಕ್ರೇನುಗಳೂ, ಅವುಗಳನ್ನು ಪರೀಕ್ಷಿಸುವ ಇಂಜಿನಿಯರುಗಳೂ ಇರುತ್ತಾರೆ. ಆದರೆ ನಾಲ್ಕೈದು ಮಂದಿ ದುಡಿಯುವ ಚಿಕ್ಕ ಕಾರ್ಯಾಗಾರದಲ್ಲಿ ಅಂತಹ ಅನುಕೂಲವಿಲ್ಲ. ಮಗ್ಗದ ಚೌಕಟ್ಟನ್ನು ಲಾರಿಯಿಂದ ಇಳಿಸುವುದು, ನೂಲು ಸುತ್ತಿದ ಹಾಸಿನ ಬೀಮನ್ನು ಮಗ್ಗಕ್ಕೆ ಏರಿಸುವುದು, ಮೋಟಾರನ್ನು ಪೀಠದ ಮೇಲಿಡುವುದು, ಇವೆಲ್ಲ ಮನುಷ್ಯರ ಬೆನ್ನಿನ ಬಲದಿಂದಲೇ ನಡೆಯುತ್ತವೆ. ಬೆನ್ನು ಉಳುಕಿದರೆ ಅಥವಾ ಬೆರಳು ಜಜ್ಜಿದರೆ ಆ ಮನೆಯ ಸಂಪಾದನೆಯೇ ನಿಂತುಹೋಗುವುದು. ಆದುದರಿಂದ ಕೈಯಲ್ಲಿ ಹೊತ್ತೊಯ್ಯಬಹುದಾದ ಚಿಕ್ಕ ವಿದ್ಯುತ್ ವಿಂಚನ್ನು ಕೊಳ್ಳುವ ಆಲೋಚನೆಯು ಒಳ್ಳೆಯದೇ ಸರಿ. ಆದರೆ ತಪ್ಪಾಗಿ ಆರಿಸಿದ ಯಂತ್ರವು ಬೆನ್ನನ್ನು ಉಳಿಸಿ ಪ್ರಾಣಕ್ಕೆ ಎರವಾಗಬಹುದು.

ಮೊತ್ತಮೊದಲು ತಿಳಿಯತಕ್ಕ ವಿಷಯವೆಂದರೆ, ಎಳೆಯುವ ಯಂತ್ರವೇ ಬೇರೆ, ಎತ್ತುವ ಯಂತ್ರವೇ ಬೇರೆ. ಎರಡರಲ್ಲಿಯೂ ಮೋಟಾರು, ಹಲ್ಲುಗಾಲಿಗಳು, ಹಗ್ಗ ಸುತ್ತುವ ಡ್ರಮ್ಮು ಇರುವುದರಿಂದ ನೋಡುವವರಿಗೆ ಅವು ಒಂದೇ ಎಂದು ತೋರುವುದು. ವ್ಯತ್ಯಾಸವಿರುವುದು ಬ್ರೇಕಿನಲ್ಲಿ. ನೆಲದ ಮೇಲೆ ಎಳೆಯುತ್ತಿರುವ ವಸ್ತುವು ಮೋಟಾರು ನಿಂತೊಡನೆ ತಾನೂ ನಿಲ್ಲುತ್ತದೆ. ನೆಲದ ಘರ್ಷಣೆಯೇ ಅದನ್ನು ಹಿಡಿಯುತ್ತದೆ. ಗಾಳಿಯಲ್ಲಿ ತೂಗುತ್ತಿರುವ ವಸ್ತುವನ್ನು ಹಿಡಿಯಲು ಬ್ರೇಕಿನ ಹೊರತು ಬೇರೇನೂ ಇಲ್ಲ. ಎತ್ತುವ ಯಂತ್ರಕ್ಕೆ ಹಾಯ್ಸ್ಟ್ ಎಂದು ಹೆಸರು. ಒಳ್ಳೆಯ ಹಾಯ್ಸ್ಟಿನ ಬ್ರೇಕನ್ನು ಬಲವಾದ ಸ್ಪ್ರಿಂಗು ಸದಾ ಒತ್ತಿ ಹಿಡಿದಿರುತ್ತದೆ. ವಿದ್ಯುತ್ತು ಹರಿದಾಗ ಮಾತ್ರ ವಿದ್ಯುತ್ಕಾಂತವು ಸ್ಪ್ರಿಂಗನ್ನು ಸೆಳೆದು ಬ್ರೇಕನ್ನು ಬಿಡಿಸುತ್ತದೆ. ಹಠಾತ್ತಾಗಿ ವಿದ್ಯುತ್ತು ನಿಂತುಹೋದರೆ ಕಾಂತದ ಬಲ ಅಳಿದು ಸ್ಪ್ರಿಂಗು ತಾನಾಗಿಯೇ ಬ್ರೇಕನ್ನು ಒತ್ತುತ್ತದೆ. ಭಾರವು ಇದ್ದಲ್ಲಿಯೇ ನಿಲ್ಲುತ್ತದೆ. ಜೀಪು, ಲಾರಿಗಳನ್ನು ಕೆಸರಿನಿಂದ ಎಳೆಯಲು ಬಳಸುವ ಹನ್ನೆರಡು ವೋಲ್ಟಿನ ವಿಂಚುಗಳನ್ನು ಇಂತಹ ಕೆಲಸಕ್ಕಾಗಿ ರಚಿಸಿರುವುದಿಲ್ಲ. ಅವುಗಳಿಂದ ಭಾರವನ್ನು ಎತ್ತಕೂಡದೆಂದು ಹಲವು ತಯಾರಕರು ಕೈಪಿಡಿಯಲ್ಲಿಯೇ ಎಚ್ಚರಿಸಿರುತ್ತಾರೆ. ಕಡಿಮೆ ಬೆಲೆಗೆ ಹೆಚ್ಚು ಟನ್ನು ಎಂಬ ಆಸೆಯಿಂದ ಅದನ್ನು ಕೊಂಡು ತೊಲೆಗೆ ತೂಗುಹಾಕುವವನು ಅಪಾಯವನ್ನೇ ತೂಗುಹಾಕಿದಂತಾಗುವುದು.

ಎರಡನೆಯದಾಗಿ, ಎತ್ತಬೇಕಾದ ಭಾರವೆಷ್ಟು ಎಂಬುದನ್ನು ಲೆಕ್ಕದಿಂದ ತಿಳಿಯಬೇಕೇ ಹೊರತು ಕಣ್ಣಂದಾಜಿನಿಂದಲ್ಲ. ಉಕ್ಕಿನ ದುಂಡು ಸಲಾಕೆಗೆ ಕಾರ್ಯಾಗಾರಗಳಲ್ಲಿ ಒಂದು ಸುಲಭ ಸೂತ್ರ ರೂಢಿಯಲ್ಲಿದೆ: ವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ೧೬೨ರಿಂದ ಭಾಗಿಸಿದರೆ, ಒಂದು ಮೀಟರು ಉದ್ದದ ತೂಕವು ಕಿಲೋಗ್ರಾಮಿನಲ್ಲಿ ದೊರೆಯುತ್ತದೆ. ೧೦೦ ಮಿಲಿಮೀಟರು ವ್ಯಾಸದ, ಮೂರು ಮೀಟರು ಉದ್ದದ ಸಲಾಕೆಯನ್ನು ತೆಗೆದುಕೊಳ್ಳೋಣ. ೧೦,೦೦೦ವನ್ನು ೧೬೨ರಿಂದ ಭಾಗಿಸಿದರೆ ಸುಮಾರು ೬೧.೭, ಅದರ ಮೂರರಷ್ಟು ೧೮೫ ಕಿಲೋಗ್ರಾಂ. ಹಾಗೆಯೇ ಒಂದು ಚದರ ಮೀಟರು ಅಗಲದ, ೧೦ ಮಿಲಿಮೀಟರು ದಪ್ಪದ ಉಕ್ಕಿನ ಹಲಗೆಯ ತೂಕ ೭೮.೫ ಕಿಲೋಗ್ರಾಂ. ಏಳನೆಯ ತರಗತಿಯ ವಿದ್ಯಾರ್ಥಿಯು ಮಾಡಬಲ್ಲ ಈ ಲೆಕ್ಕವು ಅನುಭವಿಯಾದ ಕೆಲಸಗಾರನ ಅಂದಾಜಿಗಿಂತ ಹೆಚ್ಚು ನಂಬಿಕೆಗೆ ಅರ್ಹ. ಎಂದಾದರೂ ಎತ್ತಬೇಕಾಗಿ ಬರುವ ಅತ್ಯಂತ ಹೆಚ್ಚಿನ ಭಾರವನ್ನು ಹೀಗೆ ಗೊತ್ತುಮಾಡಿಕೊಂಡು, ಅದು ಯಂತ್ರಕ್ಕೆ ಹೇಳಿದ ಮಿತಿಯ ಮುಕ್ಕಾಲು ಪಾಲನ್ನು ಮೀರದಂತೆ ಯಂತ್ರವನ್ನು ಆರಿಸುವುದು ಲೇಸು.

ಈಗ ಯಂತ್ರದ ಫಲಕವನ್ನು ಓದುವ ಕ್ರಮವನ್ನು ನೋಡೋಣ. ಚಿಕ್ಕ ಹಾಯ್ಸ್ಟುಗಳ ಮೇಲೆ ೨೦೦/೪೦೦ ಎಂಬಂತೆ ಎರಡು ಅಂಕೆಗಳಿರುತ್ತವೆ. ಹಗ್ಗವನ್ನು ನೇರವಾಗಿ ಇಳಿಬಿಟ್ಟರೆ ೨೦೦ ಕಿಲೋಗ್ರಾಂ ಮಾತ್ರ. ಹಗ್ಗವನ್ನು ಒಂದು ಚಲಿಸುವ ರಾಟೆಯ ಮೂಲಕ ಹಾಯಿಸಿ, ಅದರ ತುದಿಯನ್ನು ಮತ್ತೆ ಯಂತ್ರದ ಮೈಗೆ ಸಿಕ್ಕಿಸಿದರೆ ೪೦೦ ಕಿಲೋಗ್ರಾಂ. ಎರಡನೆಯ ಬಗೆಯಲ್ಲಿ ಭಾರವು ಹಗ್ಗದ ಎರಡು ಎಳೆಗಳಿಗೆ ಹಂಚಿಹೋಗುತ್ತದೆ. ಆದರೆ ಏರುವ ವೇಗವೂ ಎತ್ತರವೂ ಅರ್ಧಕ್ಕಿಳಿಯುತ್ತವೆ. ಬಲದಲ್ಲಿ ಗಳಿಸಿದ್ದನ್ನು ದೂರದಲ್ಲಿ ಕಳೆಯಬೇಕೆಂಬ ಸರಳ ಯಂತ್ರಗಳ ನಿಯಮವನ್ನು ವಿದ್ಯಾರ್ಥಿಗಳು ಪಾಠದಲ್ಲಿ ಓದಿರುತ್ತಾರೆ. ಇದು ಅದರ ಪ್ರತ್ಯಕ್ಷ ನಿದರ್ಶನ. ನಮ್ಮ ೧೮೫ ಕಿಲೋಗ್ರಾಮಿನ ಸಲಾಕೆಯನ್ನು ಒಂಟಿ ಹಗ್ಗದಲ್ಲಿ ಎತ್ತಿದರೆ ಮಿತಿಯ ಅಂಚನ್ನು ಮುಟ್ಟಿದಂತಾಗುವುದು. ಜೋಡಿ ಹಗ್ಗದಲ್ಲಿ ಎತ್ತುವುದೇ ಉಚಿತ. ಎಳೆಯುವ ವಿಂಚಿನ ಫಲಕದಲ್ಲಿ ಮತ್ತೊಂದು ಮರ್ಮವಿದೆ. ಅದರಲ್ಲಿ ಕಾಣಿಸಿದ ಬಲವು ಸಾಮಾನ್ಯವಾಗಿ ಡ್ರಮ್ಮಿನ ಮೇಲೆ ಹಗ್ಗದ ಮೊದಲ ಪದರವಿರುವಾಗ ಮಾತ್ರ ದೊರೆಯುವುದು. ಪದರದ ಮೇಲೆ ಪದರ ಸುತ್ತಿದಂತೆ ಡ್ರಮ್ಮು ದಪ್ಪವಾಗಿ ಬಲ ಕುಗ್ಗುವುದು. ೬೦ ಮಿಲಿಮೀಟರಿನ ಡ್ರಮ್ಮಿನ ಮೇಲೆ ೬ ಮಿಲಿಮೀಟರಿನ ಹಗ್ಗವು ಮೂರನೆಯ ಪದರಕ್ಕೆ ಬರುವಷ್ಟರಲ್ಲಿ, ೧,೦೦೦ ಕಿಲೋಗ್ರಾಮಿನ ವಿಂಚು ಸುಮಾರು ೭೩೦ ಕಿಲೋಗ್ರಾಮಿನ ವಿಂಚಾಗಿರುತ್ತದೆ.

ಮೋಟಾರು ಎಷ್ಟು ಹೊತ್ತು ದುಡಿಯಬಲ್ಲದೆಂಬುದನ್ನೂ ಫಲಕವೇ ತಿಳಿಸುತ್ತದೆ. ೨೦% ಮತ್ತು ೧೦ ನಿಮಿಷ ಎಂದಿದ್ದರೆ, ಪ್ರತಿ ಹತ್ತು ನಿಮಿಷಗಳಲ್ಲಿ ಎರಡು ನಿಮಿಷ ಮಾತ್ರ ಓಡಿಸಿ, ಉಳಿದ ಎಂಟು ನಿಮಿಷ ಆರಲು ಬಿಡಬೇಕೆಂದು ಅರ್ಥ. ಆಗೊಮ್ಮೆ ಈಗೊಮ್ಮೆ ಎತ್ತುವವರಿಗೆ ಇದು ಧಾರಾಳವಾಗಿ ಸಾಕು. ದಿನವಿಡೀ ಸರಕು ಏರಿಸುವವರಿಗೆ ಸಾಲದು. ಶಕ್ತಿಯ ಲೆಕ್ಕವೂ ಕಠಿಣವಲ್ಲ. ೨೦೦ ಕಿಲೋಗ್ರಾಮನ್ನು ನಿಮಿಷಕ್ಕೆ ಹತ್ತು ಮೀಟರಿನಂತೆ ಎತ್ತಲು ಬೇಕಾದುದು ಸುಮಾರು ೩೨೭ ವಾಟ್. ಹಲ್ಲುಗಾಲಿ ಮತ್ತು ಮೋಟಾರಿನ ನಷ್ಟವನ್ನು ಸೇರಿಸಿದರೆ ಅದರ ಇಮ್ಮಡಿಯಷ್ಟು ವಿದ್ಯುತ್ತು ಬೇಕಾದೀತು. ಮನೆಯ ೨೩೦ ವೋಲ್ಟಿನ ತಂತಿಗೆ ಇದು ದೊಡ್ಡ ಹೊರೆಯಲ್ಲ. ಆದರೆ ಮೋಟಾರು ಹೊರಡುವ ಕ್ಷಣದಲ್ಲಿ ಹಲವು ಪಟ್ಟು ಪ್ರವಾಹವನ್ನು ಎಳೆಯುವುದರಿಂದ, ಸಣ್ಣ ಎಳೆಯ ಉದ್ದನೆಯ ತಂತಿಯಿಂದ ಸಂಪರ್ಕ ಕೊಟ್ಟರೆ ವೋಲ್ಟೇಜು ಕುಸಿದು ಮೋಟಾರು ಸುಡುವ ಸಂಭವವುಂಟು. ದಪ್ಪ ತಂತಿ, ಸರಿಯಾದ ಭೂಸಂಪರ್ಕ, ಸೋರಿಕೆಯನ್ನು ಅರಿತು ಕೂಡಲೆ ವಿದ್ಯುತ್ತನ್ನು ಕಡಿಯುವ ಸ್ವಿಚ್ಚು, ಈ ಮೂರೂ ಇದ್ದೇ ತೀರಬೇಕು.

ಯಂತ್ರವನ್ನು ಯಾವುದಕ್ಕೆ ತೂಗುಹಾಕುವುದು? ಬಹುಜನರು ಮರೆಯುವ ಪ್ರಶ್ನೆಯಿದು. ತಗಡಿನ ಚಾವಣಿಯನ್ನು ಹೊರಲೆಂದು ಹಾಕಿದ ಕೊಳವೆಯು ತಗಡನ್ನು ಮಾತ್ರ ಹೊರಬಲ್ಲದು. ಹಾಯ್ಸ್ಟನ್ನು ತೊಲೆಗೇ ಬಿಗಿದರೆ, ತೊಲೆಯ ಮೇಲೆ ಬೀಳುವುದು ಸಲಾಕೆಯ ೧೮೫ ಕಿಲೋಗ್ರಾಂ ಮತ್ತು ಯಂತ್ರದ ಸ್ವಂತ ತೂಕ. ಅದರ ಬದಲು ವಿಂಚನ್ನು ನೆಲದಲ್ಲಿ ಬಿಗಿದು, ತೊಲೆಗೆ ಒಂದು ರಾಟೆಯನ್ನು ಕಟ್ಟಿ, ಹಗ್ಗವನ್ನು ಅದರ ಮೇಲಿಂದ ಹಾಯಿಸಿದರೆ, ಒಂದು ಕಡೆ ೧೮೫ ಕಿಲೋಗ್ರಾಮಿನ ಭಾರವೂ ಇನ್ನೊಂದು ಕಡೆ ಅಷ್ಟೇ ಬಲದ ಎಳೆತವೂ ಕೂಡಿ, ತೊಲೆಯು ೩೭೦ ಕಿಲೋಗ್ರಾಮನ್ನು ಹೊರಬೇಕಾಗುವುದು. ಕಪಿಲೆಯ ಕಂಬಗಳನ್ನು ನಮ್ಮ ರೈತರು ಅಷ್ಟು ಗಟ್ಟಿಯಾಗಿ ನೆಡುತ್ತಿದ್ದುದೂ ಈ ಕಾರಣಕ್ಕೇ. ತೊಲೆಯ ಬಲದ ವಿಚಾರದಲ್ಲಿ ಸಂಶಯವಿದ್ದರೆ ಕಟ್ಟಡದ ಇಂಜಿನಿಯರನ್ನು ಕೇಳತಕ್ಕದ್ದು. ಇಲ್ಲವೆ ನೆಲದ ಮೇಲೆ ತಾನೇ ನಿಲ್ಲುವ ಉಕ್ಕಿನ ಚೌಕಟ್ಟನ್ನು ಮಾಡಿಸತಕ್ಕದ್ದು.

ಭಾರವನ್ನು ಎರಡು ಎಳೆಗಳಿಂದ ಕಟ್ಟಿ ಒಂದೇ ಕೊಕ್ಕೆಗೆ ಸಿಕ್ಕಿಸುವಾಗ ಎಳೆಗಳ ಓರೆಯನ್ನು ಗಮನಿಸಬೇಕು. ೪೦೦ ಕಿಲೋಗ್ರಾಮಿನ ಭಾರವನ್ನು ಎರಡು ಲಂಬವಾದ ಎಳೆಗಳು ಹೊತ್ತರೆ ತಲಾ ೨೦೦. ಎಳೆಗಳು ನೆಲಮಟ್ಟಕ್ಕೆ ೬೦ ಅಂಶ ಓರೆಯಾಗಿದ್ದರೆ ತಲಾ ೨೩೧. ೩೦ ಅಂಶಕ್ಕಿಳಿದರೆ ಒಂದೊಂದು ಎಳೆಯೂ ಪೂರಾ ೪೦೦ ಕಿಲೋಗ್ರಾಮನ್ನು ತಾಳಬೇಕು. ಆದುದರಿಂದ ಎಳೆಗಳನ್ನು ಉದ್ದವಾಗಿ ಕಟ್ಟಿ ಓರೆಯನ್ನು ೬೦ ಅಂಶಕ್ಕಿಂತ ಕಡಿಮೆಯಾಗಗೊಡದಿರುವುದು ಕ್ಷೇಮ.

ನಮ್ಮೂರಿನ ಕೈಲಾಸನಾಥ ದೇವಾಲಯದಲ್ಲಿ ಶಿಲ್ಪಿಗಳು ಕಲ್ಲಿನಲ್ಲಿ ಕಡೆದ ಸರಪಳಿಯನ್ನು ಎಲ್ಲರೂ ನೋಡಿ ಬೆರಗಾಗಿದ್ದೇವೆ. ಅಲ್ಲಿ ಒಂದು ಕೊಂಡಿ ಒಡೆದರೂ ಮಿಕ್ಕ ಕೊಂಡಿಗಳ ಗಟ್ಟಿತನದಿಂದ ಸರಪಳಿ ಉಳಿಯಲಾರದು. ಭಾರವೆತ್ತುವ ಹಗ್ಗಕ್ಕೂ ಕೊಕ್ಕೆಗೂ ಇದೇ ಮಾತು ಸಲ್ಲುತ್ತದೆ. ಉಕ್ಕಿನ ಹಗ್ಗದಲ್ಲಿ ತಂತಿಗಳು ತುಂಡಾಗಿ ಹೊರಚಾಚಿದ್ದರೆ, ಹಗ್ಗ ಮಡಿಚಿ ಮುರುಟಿದ್ದರೆ, ತುಕ್ಕು ಒಳಕ್ಕಿಳಿದಿದ್ದರೆ ಅದನ್ನು ತೆಗೆದೊಗೆಯಬೇಕು; ಗಂಟು ಹಾಕಿ ಬಳಸಲಾಗದು. ತುದಿಯನ್ನು ಮಡಿಚಿ ಕ್ಲಿಪ್ಪು ಬಿಗಿಯುವಾಗ ಕನಿಷ್ಠ ಮೂರು ಕ್ಲಿಪ್ಪುಗಳಿರಲಿ. ಕ್ಲಿಪ್ಪಿನ ಬಾಗಿದ ಕಂಬಿಯು ಭಾರ ಹೊರದ ತುಂಡು ತುದಿಯ ಕಡೆಗೂ, ಅದರ ಪೀಠವು ಭಾರ ಹೊರುವ ಎಳೆಯ ಕಡೆಗೂ ಇರಲಿ. ಡ್ರಮ್ಮಿನ ಮೇಲೆ ಕಡೆಯ ಮೂರು ಸುತ್ತುಗಳನ್ನು ಎಂದಿಗೂ ಬಿಚ್ಚಬಾರದು. ಕೊಕ್ಕೆಯ ಬಾಯಿಗೆ ಮುಚ್ಚುವ ನಾಲಿಗೆ ಇರಬೇಕು. ಕೊಕ್ಕೆಯು ಮೇಲಕ್ಕೆ ಬಂದು ಯಂತ್ರಕ್ಕೆ ತಾಗುವ ಮುನ್ನ ಮೋಟಾರನ್ನು ತಾನಾಗಿ ನಿಲ್ಲಿಸುವ ಸ್ವಿಚ್ಚು, ಕೈಯಲ್ಲಿ ಹಿಡಿಯುವ ಗುಂಡಿಪೆಟ್ಟಿಗೆಯಲ್ಲಿ ತುರ್ತಾಗಿ ನಿಲ್ಲಿಸುವ ಕೆಂಪು ಗುಂಡಿ, ಇವೆರಡೂ ಇಲ್ಲದ ಯಂತ್ರವನ್ನು ಎಷ್ಟು ಅಗ್ಗಕ್ಕೆ ಸಿಕ್ಕಿದರೂ ಕೊಳ್ಳತಕ್ಕದ್ದಲ್ಲ.

ನೆಲದ ಮೇಲೆ ಎಳೆಯುವುದಷ್ಟೇ ಕೆಲಸವಾಗಿದ್ದರೆ ಚಿಕ್ಕ ವಿಂಚೇ ಸಾಕಾಗಬಹುದು. ೬೦೦ ಕಿಲೋಗ್ರಾಮಿನ ಮಗ್ಗವನ್ನು ಒರಟು ನೆಲದ ಮೇಲೆ ಹಾಗೆಯೇ ಎಳೆಯಲು ಅದರ ತೂಕದ ಅರ್ಧದಷ್ಟು ಬಲ ಬೇಕಾದೀತು. ಅಡಿಯಲ್ಲಿ ಕಬ್ಬಿಣದ ಕೊಳವೆಗಳನ್ನು ಉರುಳೆಗಳಂತೆ ಇಟ್ಟರೆ ಅತ್ಯಲ್ಪ ಬಲವೇ ಸಾಕು. ಐದು ಅಡಿ ಉದ್ದಕ್ಕೆ ಒಂದಡಿ ಏರುವ ಹಲಗೆಯ ಮೇಲೆ ಅದನ್ನು ಲಾರಿಗೆ ಏರಿಸುವಾಗ, ಘರ್ಷಣೆಯನ್ನು ಬಿಟ್ಟರೆ, ತೂಕದ ಐದನೆಯ ಒಂದು ಪಾಲು, ಎಂದರೆ ೧೨೦ ಕಿಲೋಗ್ರಾಮಿನ ಎಳೆತ ಬೇಕು. ಆದರೆ ಹಲಗೆಯ ಮೇಲಿನ ಮಗ್ಗ ಹಿಂದಕ್ಕೆ ಉರುಳಬಲ್ಲುದರಿಂದ ಇಲ್ಲಿಯೂ ಬ್ರೇಕು ಅಗತ್ಯ. ಹಿಂದೆ ದಿಮ್ಮಿಗಳನ್ನು ಒತ್ತುಕೊಡುತ್ತ ಸಾಗಬೇಕು. ಬಿಗಿದ ಹಗ್ಗ ತುಂಡಾದರೆ ಚಾಟಿಯಂತೆ ಹಿಂದಕ್ಕೆ ಬೀಸುವುದರಿಂದ ಹಗ್ಗದ ನೇರದಲ್ಲಿ ಯಾರೂ ನಿಲ್ಲಬಾರದು.

ಇಷ್ಟನ್ನೂ ಓದಿದ ಮೇಲೆ, ನಮಗೆ ವಿದ್ಯುತ್ ಯಂತ್ರವೇ ಬೇಕೆ ಎಂದು ಕೇಳಿಕೊಳ್ಳುವುದು ವಿವೇಕ. ತಿಂಗಳಿಗೆ ಎರಡು ಮೂರು ಬಾರಿ ಮಾತ್ರ ಭಾರವೆತ್ತುವವರಿಗೆ ಕೈಯಿಂದ ಸರಪಳಿ ಎಳೆಯುವ ಚೈನ್ ಬ್ಲಾಕು ಸಾಕು. ಅದು ನಿಧಾನವಾದರೂ ವಿದ್ಯುತ್ತನ್ನು ಬೇಡುವುದಿಲ್ಲ. ಕೈ ಬಿಟ್ಟರೆ ಅದರ ಬ್ರೇಕು ಭಾರದ ಒತ್ತಡದಿಂದಲೇ ಬಿಗಿದುಕೊಂಡು ನಿಲ್ಲುತ್ತದೆ. ದಿನನಿತ್ಯ ಎತ್ತುವವರು ಮಾತ್ರ ವಿದ್ಯುತ್ ಹಾಯ್ಸ್ಟಿಗೆ ಹಣ ಹೂಡುವುದು ಯೋಗ್ಯ. ಯಾವುದನ್ನು ಕೊಂಡರೂ ವರ್ಷಕ್ಕೊಮ್ಮೆ ಬಲ್ಲವರಿಂದ ಪರೀಕ್ಷೆ ಮಾಡಿಸಬೇಕು. ೧೯೪೮ರ ಕಾರ್ಖಾನೆಗಳ ಕಾಯಿದೆಯು ತನ್ನ ೨೯ನೆಯ ವಿಧಿಯಲ್ಲಿ ಭಾರವೆತ್ತುವ ಯಂತ್ರ, ಸರಪಳಿ, ಹಗ್ಗಗಳಿಗೆ ಹನ್ನೆರಡು ತಿಂಗಳಿಗೊಮ್ಮೆ ಪರೀಕ್ಷೆಯನ್ನು ವಿಧಿಸಿತ್ತು. ಚಿಕ್ಕ ಕಾರ್ಯಾಗಾರವು ಕಾಯಿದೆಯ ಕಣ್ಣಿಗೆ ಬೀಳದಿರಬಹುದು. ಬೀಳುವ ಭಾರಕ್ಕೆ ಆ ಭೇದವಿಲ್ಲ.

ತಂದೆತಾಯಿಗಳಲ್ಲಿ ಒಂದು ಬಿನ್ನಹ. ಯಂತ್ರಗಳ ಫಲಕಗಳೂ ಕೈಪಿಡಿಗಳೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಬರುತ್ತವೆ. ಕೊಳ್ಳಲು ಹೋಗುವಾಗ ಓದು ಬಲ್ಲ ಮಗನನ್ನೋ ಮಗಳನ್ನೋ ಜೊತೆಗೆ ಕರೆದೊಯ್ಯಿರಿ; ಫಲಕವನ್ನು ಓದಿಸಿರಿ, ಲೆಕ್ಕ ಮಾಡಿಸಿರಿ. ಆದರೆ ಯಂತ್ರದ ಗುಂಡಿಯನ್ನು ಮಾತ್ರ ಅವರ ಕೈಗೆ ಕೊಡಬೇಡಿರಿ. ಅದು ಪ್ರಾಯಕ್ಕೆ ಬಂದು ತರಬೇತಿ ಪಡೆದವರ ಕೆಲಸ. ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರು ಮುಂದೆ ಕಾರ್ಯಾಗಾರಗಳಲ್ಲಿ ದುಡಿಯುವಿರಿ, ಕೆಲವರು ಅವುಗಳ ಒಡೆಯರೂ ಆಗುವಿರಿ. ತೂಗುವ ಭಾರದ ಕೆಳಗೆ ಕಾಲಿಡಬಾರದು. ಕೊಕ್ಕೆಗೆ ಮನುಷ್ಯರು ಜೋತುಬೀಳಬಾರದು. ಭಾರವನ್ನು ಗಾಳಿಯಲ್ಲಿ ಬಿಟ್ಟು ಊಟಕ್ಕೆ ಹೋಗಬಾರದು. ಈ ಮೂರು ನಿಯಮಗಳನ್ನು ಈಗಲೇ ಕಂಠಪಾಠ ಮಾಡಿಕೊಂಡಿರಿ. ರಾಟೆಯ ಪಾಠವನ್ನು ಪರೀಕ್ಷೆಗೆಂದು ಓದಿದವರಿಗೆ ಅಂಕಗಳು ದೊರೆಯುತ್ತವೆ. ಅದನ್ನು ಕೆಲಸದಲ್ಲಿ ನೆನೆಯುವವರ ಕೈಕಾಲುಗಳು ಕ್ಷೇಮವಾಗಿರುತ್ತವೆ.