ಉಪಕೇಂದ್ರಗಳಲ್ಲಿ ಶುಶ್ರೂಷಕರಿಂದ ರಕ್ತ ಪರೀಕ್ಷೆ: ಸಾರ್ವಜನಿಕರಿಗೆ ಮಾಹಿತಿ

ರಕ್ತದ ಸಕ್ಕರೆ ಅಥವಾ ಹಿಮೋಗ್ಲೋಬಿನ್ ಪ್ರಮಾಣ ತಿಳಿಯುವುದಕ್ಕಾಗಿಯೇ ದೂರದ ಆಸ್ಪತ್ರೆಗೆ ಹೋಗಿ, ಖಾಲಿ ಹೊಟ್ಟೆಯಲ್ಲಿ ಸರದಿಯಲ್ಲಿ ನಿಂತು, ಒಂದು ದಿನದ ಕೂಲಿ ಕಳೆದುಕೊಳ್ಳುವವರು ಹಲವರು. ಈ ತೊಂದರೆಯನ್ನು ಹಳ್ಳಿಯ ಹಂತದಲ್ಲಿಯೇ ತಪ್ಪಿಸಬಹುದಾಗಿದೆ.

2018ರಲ್ಲಿ ಪ್ರಾರಂಭವಾದ ಆಯುಷ್ಮಾನ್ ಭಾರತ್ ಯೋಜನೆಯನ್ವಯ ಮೇಲ್ದರ್ಜೆಗೇರಿಸಲಾದ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯಾಧಿಕಾರಿಗಳನ್ನು ನೇಮಿಸಲಾಗಿರುತ್ತದೆ. ಸಾಮಾನ್ಯವಾಗಿ ಇವರು ಶುಶ್ರೂಷಾ ಶಿಕ್ಷಣದೊಂದಿಗೆ ಸಮುದಾಯ ಆರೋಗ್ಯದಲ್ಲಿ ವಿಶೇಷ ತರಬೇತಿ ಪಡೆದವರು. ಬೆರಳ ತುದಿಯಿಂದ ಪಡೆದ ಹನಿ ರಕ್ತದಿಂದ ಕೆಲವೇ ನಿಮಿಷಗಳಲ್ಲಿ, ಉಚಿತವಾಗಿ ಫಲಿತಾಂಶ ತಿಳಿಸುತ್ತಾರೆ. 30 ವರ್ಷ ಮೇಲ್ಪಟ್ಟವರು ಮಧುಮೇಹ ಮತ್ತು ರಕ್ತದೊತ್ತಡದ ತಪಾಸಣೆಯನ್ನೂ ಇಲ್ಲಿಯೇ ಮಾಡಿಸಿಕೊಳ್ಳಬಹುದು.

ಆದರೆ ಇದು ಪ್ರಾಥಮಿಕ ತಪಾಸಣೆ ಮಾತ್ರ. ಸಕ್ಕರೆಯ ಪ್ರಮಾಣ ಹೆಚ್ಚಾಗಿ ಕಂಡುಬಂದ ಮಾತ್ರಕ್ಕೆ ಮಧುಮೇಹವೆಂದು ನಿರ್ಧರಿಸಲಾಗದು. ಅಂತಹವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಿ, ರಕ್ತನಾಳದಿಂದ ಪಡೆದ ರಕ್ತವನ್ನು ಪರೀಕ್ಷಿಸಿ ಖಚಿತಪಡಿಸಿಕೊಳ್ಳಲಾಗುತ್ತದೆ. ಚಿಕಿತ್ಸೆಯನ್ನು ನಿರ್ಧರಿಸುವವರು ವೈದ್ಯಾಧಿಕಾರಿಗಳು. ಅವರು ಸೂಚಿಸಿದ ಮಾತ್ರೆಗಳನ್ನು ಮುಂದೆ ಉಪಕೇಂದ್ರದಲ್ಲಿಯೇ ಪಡೆಯಬಹುದು.

ಉಪವಾಸದ ಸಕ್ಕರೆ ಪರೀಕ್ಷೆಗೆ ಕನಿಷ್ಠ 8 ಗಂಟೆ ಆಹಾರ ಸೇವಿಸಿರಬಾರದು. ಕೆಲವರು ನೀರನ್ನೂ ಕುಡಿಯದೆ ಬರುವುದುಂಟು, ಇದು ಅನಗತ್ಯ. ಹಿಮೋಗ್ಲೋಬಿನ್ ಪರೀಕ್ಷೆಗೆ ಉಪವಾಸದ ಅವಶ್ಯಕತೆಯಿಲ್ಲ. ಗರ್ಭಿಣಿಯರು ತಾಯಿ ಕಾರ್ಡನ್ನು ತಪ್ಪದೇ ತರತಕ್ಕದ್ದು.