ನಿತ್ಯೋಪಯೋಗಿ ಜೂಮ್ ಮಸೂರದ ಆಯ್ಕೆ

ಕ್ಯಾಮೆರಾ ಬೆಳಕನ್ನು ಹಿಡಿದಿಡುವ ಪೆಟ್ಟಿಗೆಯಾದರೆ ಮಸೂರವು ಅದರ ಕಣ್ಣು. ಪೆಟ್ಟಿಗೆ ಎಷ್ಟೇ ಬೆಲೆಬಾಳುವುದಾದರೂ ಕಣ್ಣು ಮಂದವಾಗಿದ್ದರೆ ಚಿತ್ರ ಸ್ಫುಟವಾಗಿ ಮೂಡಲಾರದು. ಆದ್ದರಿಂದ ಛಾಯಾಚಿತ್ರಣದಲ್ಲಿ ಆಸಕ್ತಿಯುಳ್ಳವರು ಮೊದಲು ಅರಿಯಬೇಕಾದುದು ಮಸೂರದ ಸ್ವರೂಪ.

ಬಹುದೂರದ ವಸ್ತುವಿನಿಂದ ಬಂದ ಕಿರಣಗಳು ಮಸೂರವನ್ನು ಹಾದು ಒಂದೆಡೆ ಸಂಧಿಸುತ್ತವೆ. ಮಸೂರಕ್ಕೂ ಆ ಬಿಂದುವಿಗೂ ಇರುವ ಅಂತರವೇ ಸಂಗಮದೂರ. ಇದು ಕಡಿಮೆಯಾದಷ್ಟೂ ನೋಟ ವಿಶಾಲ. ಹೆಚ್ಚಿದಷ್ಟೂ ನೋಟ ಕಿರಿದು, ವಸ್ತು ಹಿರಿದು. 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರದ ಚೌಕಟ್ಟಿನಲ್ಲಿ 24 ಮಿ.ಮೀ. ಮಸೂರವು ಮೂಲೆಯಿಂದ ಮೂಲೆಗೆ ಸುಮಾರು 84 ಡಿಗ್ರಿಗಳ ನೋಟವನ್ನು ಒಳಗೊಳ್ಳುತ್ತದೆ; 105 ಮಿ.ಮೀ. ಮಸೂರವು ಒಳಗೊಳ್ಳುವುದು 23 ಡಿಗ್ರಿಗಳನ್ನು ಮಾತ್ರ. ಒಳಗಿನ ಗಾಜುಗಳನ್ನು ಹಿಂದುಮುಂದಕ್ಕೆ ಸರಿಸಿ, ಒಂದೇ ಮಸೂರದ ಸಂಗಮದೂರವನ್ನು ಬೇಕಾದಂತೆ ಬದಲಿಸುವ ಏರ್ಪಾಡೇ ಜೂಮ್. 1959ರಲ್ಲಿ ಜರ್ಮನಿಯ ಫೋಕ್ಟ್‌ಲೆಂಡರ್ ಸಂಸ್ಥೆಯ ಹೆಸರಿನಲ್ಲಿ ಬಂದ 36–82 ಮಿ.ಮೀ. ವ್ಯಾಪ್ತಿಯ ‘ಜೂಮಾರ್’, 35 ಮಿ.ಮೀ. ಸ್ಥಿರಚಿತ್ರ ಕ್ಯಾಮೆರಾಗಳಿಗೆ ಒದಗಿದ ಮೊದಲ ಜೂಮ್ ಮಸೂರವೆಂದು ಪ್ರಸಿದ್ಧವಾಗಿದೆ.

ನಿತ್ಯದ ಬಳಕೆಗೆ ಮಸೂರವನ್ನು ಆರಿಸುವಾಗ ವ್ಯಾಪ್ತಿ, ಬೆಳಕು, ಭಾರ ಎಂಬ ಮೂರು ಅಂಶಗಳನ್ನು ತೂಗಿ ನೋಡಬೇಕು. ಮೂರೂ ನಮ್ಮ ಇಚ್ಛೆಯಂತೆ ಒಂದೆಡೆ ದೊರೆಯುವುದು ದುರ್ಲಭ. ಒಂದನ್ನು ಪಡೆದರೆ ಇನ್ನೊಂದನ್ನು ಬಿಟ್ಟುಕೊಡಬೇಕಾಗುತ್ತದೆ.

ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಹೋದ ಪ್ರವಾಸಿಯೊಬ್ಬನನ್ನು ಕಲ್ಪಿಸಿಕೊಳ್ಳೋಣ. ಜಗತಿಯ ಮೇಲೆ ನಿಂತು ಹೊರಭಿತ್ತಿಯ ವಿಸ್ತಾರವನ್ನೆಲ್ಲ ಹಿಡಿಯಲು ಅವನಿಗೆ 24 ಮಿ.ಮೀ. ಬೇಕು. ತಲೆಯೆತ್ತಿ ನೋಡಿದರೆ ಸೂರಿನಡಿಯಲ್ಲಿ ಮದನಿಕೆಯರಿದ್ದಾರೆ. ಅವರ ಆಭರಣಗಳ ಕುಸುರಿ ಕಾಣಬೇಕಾದರೆ 105 ಮಿ.ಮೀ. ಉಪಕಾರಿ. ಇಲ್ಲಿ 24–105ರ ಮಸೂರವು 24–70ರದಕ್ಕಿಂತ ಲೇಸು. ಆದರೆ ನವರಂಗವನ್ನು ಹೊಕ್ಕೊಡನೆ ಪ್ರಶ್ನೆ ಬೇರೆಯಾಗುತ್ತದೆ. ಅಲ್ಲಿ ಅರೆಗತ್ತಲೆ. ಈಗ ಬೇಕಾದುದು ವ್ಯಾಪ್ತಿಯಲ್ಲ, ಬೆಳಕು.

ಮಸೂರದ ಕಿಂಡಿಯ ಅಳತೆಯನ್ನು ಎಫ್-ಸಂಖ್ಯೆ ಸೂಚಿಸುತ್ತದೆ. ಸಂಗಮದೂರವನ್ನು ಕಿಂಡಿಯ ವ್ಯಾಸದಿಂದ ಭಾಗಿಸಿದರೆ ಅದು ದೊರೆಯುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು. 2.8ರಿಂದ 4ಕ್ಕೆ ಹೋದರೆ ಬೆಳಕು ಅರ್ಧವಾಗುತ್ತದೆ, 5.6ಕ್ಕೆ ಹೋದರೆ ಕಾಲುಭಾಗವಾಗುತ್ತದೆ. 2.8ರಲ್ಲಿ ಸೆಕೆಂಡಿನ 60ನೆಯ ಒಂದು ಭಾಗ ಸಾಕಾಗುವ ಚಿತ್ರಕ್ಕೆ 5.6ರಲ್ಲಿ 15ನೆಯ ಒಂದು ಭಾಗ ಬೇಕು. ಅಷ್ಟರಲ್ಲಿ ಕೈ ನಡುಗಬಹುದು, ಎದುರಿನವರು ಕದಲಬಹುದು. ಕೆಲವು ಮಸೂರಗಳಲ್ಲಿ ಕಂಪನವನ್ನು ತಡೆಯುವ ಏರ್ಪಾಡಿದೆ. ಅದು ನಮ್ಮ ಕೈಯ ನಡುಕವನ್ನು ಸರಿದೂಗಿಸುತ್ತದೆಯೇ ಹೊರತು, ಓಡುವ ಮಗುವನ್ನು ನಿಲ್ಲಿಸಲಾರದು.

ಹಾಗಾದರೆ ಸದಾ 2.8ರ ಮಸೂರವನ್ನೇ ಕೊಳ್ಳಬಾರದೇಕೆ? ಹೆಚ್ಚು ಬೆಳಕಿಗೆ ದೊಡ್ಡ ಗಾಜು ಬೇಕು. ದೊಡ್ಡ ಗಾಜಿನೊಡನೆ ಭಾರವೂ ಬೆಲೆಯೂ ಏರುತ್ತವೆ. ನಿಕಾನ್ ಸಂಸ್ಥೆಯು 2018ರಲ್ಲಿ ಹೊರತಂದ, ಎಫ್-ಸಂಖ್ಯೆ 4ರ 24–70 ಮಸೂರದ ತೂಕ ಸುಮಾರು 500 ಗ್ರಾಂ. ಅದೇ ಸಂಸ್ಥೆ 2019ರಲ್ಲಿ ಹೊರತಂದ, ಅದೇ ವ್ಯಾಪ್ತಿಯ 2.8ರ ಮಸೂರದ ತೂಕ ಸುಮಾರು 805 ಗ್ರಾಂ. ಮುನ್ನೂರು ಗ್ರಾಂ ಅಂಗಡಿಯಲ್ಲಿ ಅಲ್ಪವೆನಿಸುತ್ತದೆ; ಬೆಟ್ಟವನ್ನೇರುವಾಗ ಕುತ್ತಿಗೆಗೆ ಅದರ ನಿಜವಾದ ತೂಕ ತಿಳಿಯುತ್ತದೆ.

ಆಯ್ಕೆಗೆ ಸುಲಭವಾದ ಉಪಾಯವೊಂದುಂಟು. ಡಿಜಿಟಲ್ ಕ್ಯಾಮೆರಾ ಪ್ರತಿಯೊಂದು ಚಿತ್ರದ ಜೊತೆಗೆ ಅದನ್ನು ತೆಗೆದ ಸಂಗಮದೂರವನ್ನೂ ದಾಖಲಿಸುತ್ತದೆ. ಹಿಂದೆ ತೆಗೆದ ನೂರು ಚಿತ್ರಗಳನ್ನು ಮುಂದಿಟ್ಟುಕೊಂಡು ಎಣಿಸಿರಿ. ಹೆಚ್ಚಿನವು ಮನೆಯೊಳಗಿನವಾದರೆ ಬೆಳಕಿಗೆ ಮೊದಲ ಮನ್ನಣೆ ಸಲ್ಲಬೇಕು, ಪ್ರವಾಸದವಾದರೆ ವ್ಯಾಪ್ತಿಗೆ. ಹಳೆಯ ಮಸೂರವನ್ನು ಕೊಳ್ಳುವವರು ಅದರೊಳಗೆ ದೀಪ ಹಾಯಿಸಿ ನೋಡಬೇಕು. ಕರಾವಳಿ, ಮಲೆನಾಡುಗಳ ತೇವಕ್ಕೆ ಗಾಜಿನ ಮೇಲೆ ಎಳೆಎಳೆಯಾಗಿ ಬೂಷ್ಟು ಹಬ್ಬಿರುವುದುಂಟು.

ಎಲ್ಲಕ್ಕಿಂತ ಮಿಗಿಲಾದ ಮಾತೊಂದಿದೆ. ಒಲೆಯ ಮುಂದೆ ಕುಳಿತ ಅಜ್ಜಿಯ ಮುಖದ ಮೇಲೆ ಸಂಜೆಯ ಬೆಳಕು ಬಿದ್ದ ಗಳಿಗೆ ಮತ್ತೆ ಬಾರದು. ಆಗ ಕಪಾಟಿನಲ್ಲಿರುವ ಶ್ರೇಷ್ಠ ಮಸೂರಕ್ಕಿಂತ ಕೈಯಲ್ಲಿರುವ ಸಾಧಾರಣ ಮಸೂರವೇ ಮೇಲು. ಆದ್ದರಿಂದ ನಿತ್ಯವೂ ಬೇಸರವಿಲ್ಲದೆ ಜೊತೆಗೊಯ್ಯಬಲ್ಲ ಮಸೂರವನ್ನೇ ಆರಿಸಿಕೊಳ್ಳುವುದು ವಿವೇಕ.